ದೊಡ್ಡಪ್ಪನ ಮೂಳೆಪಾಠ

ಮೊನ್ನೆ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿಯೊಬ್ಬರು ಮೊಣಕಾಲಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳತೊಡಗಿದರು. ಕರ್ಪೂರದ ಆ ಘಾಟು ಮೂಗಿಗೆ ಹೊಡೆದದ್ದೇ ತಡ, ನಾನು ನನ್ನ ಕಾಲೇಜಿನ ದಿನಗಳಿಗೆ, ಸಾದಲಿಯ ದೊಡ್ಡಪ್ಪನ ಮನೆಯ ಪಡಸಾಲೆಗೆ ಹೋಗಿ ಕೂತುಬಿಟ್ಟೆ. ನೀವೂ ಬನ್ನಿ, ಜಾಗವಿದೆ. ಪಾಠ ಕೇಳಬೇಕಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದವರು. ಬೆಳಕು, ಶಬ್ದ, ಆಮ್ಲ ಎಲ್ಲವನ್ನೂ ಪಾಠ ಮಾಡಿದ್ದರೂ ಅವರ ಪ್ರೀತಿಯೆಲ್ಲ ಮೂಳೆಗಳ ಮೇಲೆ. ಹುಟ್ಟುವಾಗ ಮುನ್ನೂರರಷ್ಟು ಮೂಳೆಗಳಿದ್ದು, ಬೆಳೆಯುತ್ತ ಒಂದಕ್ಕೊಂದು ಕೂಡಿಕೊಂಡು ಇನ್ನೂರಾರು ಆಗುವ ಕಥೆಯನ್ನು ಅವರು ತಮ್ಮದೇ ವಂಶಾವಳಿಯಂತೆ ಹೇಳುತ್ತಿದ್ದರು. ತೊಡೆಯದು ಉದ್ದ ಮೂಳೆ, ಮಣಿಕಟ್ಟಿನವು ಗಿಡ್ಡ ಮೂಳೆ, ಬೆನ್ನಿನವು ಒಂದು ಆಕಾರಕ್ಕೆ ಸಿಗದ ಮೂಳೆ. "ತಲೆಬುರುಡೆಯದು ಚಪ್ಪಟೆ ಮೂಳೆ ಕಣಮ್ಮ. ಮೆದುಳನ್ನ ಕಾಯ್ತದೆ. ಕೆಲವರಲ್ಲಿ ಏನನ್ನ ಕಾಯ್ತದೋ ದೇವರೇ ಬಲ್ಲ" ಎಂದು ನನ್ನ ಕಡೆ ನೋಡುತ್ತಿದ್ದರು. ನಾನು ನಗುತ್ತಿದ್ದೆ. ಆ ಮನೆಯಲ್ಲಿ ದೊಡ್ಡಪ್ಪನ ಮಾತಿಗೆ ನಗಬಹುದಿತ್ತು, ತಲೆಯಾಡಿಸಬಹುದಿತ್ತು. ಮೂರನೆಯದೊಂದು ದಾರಿ ಇರಲಿಲ್ಲ.

ಊರಿನವರಿಗೂ ಅವರು ಅರ್ಧ ಡಾಕ್ಟರು. ಯಾರೇ ಬಿದ್ದು ಬರಲಿ, "ಬೆರಳು ಅಲ್ಲಾಡಿಸು" ಎನ್ನುತ್ತಿದ್ದರು. ಬೆರಳು ಅಲ್ಲಾಡಿದರೆ ಮೂಳೆ ಮುರಿದಿಲ್ಲ. ಎಣ್ಣೆ ಹಚ್ಚಿಕೊಂಡು ಹೋಗಬಹುದು. ಈ ಸೂತ್ರ ಯಾವ ಪುಸ್ತಕದಲ್ಲಿತ್ತೋ ಯಾರೂ ಕೇಳಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಪುಸ್ತಕವೇಕೆ?

ಆ ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದೆ. ರೇಷ್ಮೆಹುಳುಗಳನ್ನು ನೋಡಿಕೊಳ್ಳುವುದು ಪೂರ್ತಿ ದೊಡ್ಡಮ್ಮನ ಕೆಲಸ. ಒಂದು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹುಳುಮನೆಗೆ ಹೋದವರು ಬಾಗಿಲಲ್ಲೇ ಜಾರಿ, ಬಲಗೈ ಊರಿ ಬಿದ್ದರು. "ಅಯ್ಯೋ ದೇವುಡಾ!" ಎಂಬ ಕೂಗಿಗೆ ನಾವಿಬ್ಬರೂ ಓಡಿದೆವು. ಮಣಿಕಟ್ಟು ಆಗಲೇ ಊದಿಕೊಳ್ಳುತ್ತಿತ್ತು.

"ಬೆರಳು ಅಲ್ಲಾಡಿಸು" ಎಂದರು ದೊಡ್ಡಪ್ಪ.

ದೊಡ್ಡಮ್ಮ ಹಲ್ಲು ಕಚ್ಚಿಕೊಂಡು ಅಲ್ಲಾಡಿಸಿದರು.

"ನೋಡಿದ್ಯಾ? ಮುರಿದಿಲ್ಲ. ಮಣಿಕಟ್ಟಲ್ಲಿ ಎಂಟು ಮೂಳೆ, ಎರಡು ಸಾಲಲ್ಲಿ ಕೂತಿರ್ತವೆ. ಒಂದು ಸ್ವಲ್ಪ ಅಲುಗಿರ್ತದೆ, ಅಷ್ಟೇ."

"ಪ್ರಾಣ ಹೋಗೋ ಹಂಗಾಗ್ತಿದೆ ಕಣ್ರೀ."

"ಮೂಳೆ ಮೇಲಿನ ಪೊರೆಯಲ್ಲಿ ನರ ಇರ್ತದಲ್ಲ, ಅದಕ್ಕೇ ನೋವು" ಎಂದು ಅವರು ವಿವರಿಸಿದರು. ಕಾರಣ ತಿಳಿದ ಮೇಲೆ ನೋವು ಕಡಿಮೆಯಾಗಲೇಬೇಕು ಎಂಬುದು ಅವರ ನಂಬಿಕೆ. ಕರ್ಪೂರದ ಎಣ್ಣೆ ಹಚ್ಚಿ, ಹಳೆಯ ಪಂಚೆಯ ತುಂಡು ಸುತ್ತಿದರು. ಪಂಚೆ ಒಗೆದದ್ದಾಗಿತ್ತು, ಅಷ್ಟರಮಟ್ಟಿಗೆ ವಿಜ್ಞಾನ ಉಳಿಯಿತು.

ಹುಳುಗಳಿಗೆ ಯಾರ ಕೈಯ ಚಿಂತೆಯೂ ಇಲ್ಲ. ಹೊತ್ತುಹೊತ್ತಿಗೆ ಸೊಪ್ಪು ಬೇಕು. ದೊಡ್ಡಮ್ಮ ಎಡಗೈಯಲ್ಲೇ ಹಾಕಿದರು, ನಾನೂ ಕೈಜೋಡಿಸಿದೆ. ದೊಡ್ಡಪ್ಪ ಬಾಗಿಲಲ್ಲಿ ನಿಂತು, ಮೂಳೆಯ ಒಳಗಿನ ಮಜ್ಜೆಯಲ್ಲಿ ರಕ್ತ ಹೇಗೆ ಹುಟ್ಟುತ್ತದೆಂದು ಹೇಳಿದರು. ಸಂಜೆ ಮುದ್ದೆ ತಿರುವಲು ಕೂತಾಗ ದೊಡ್ಡಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಹೊಗೆ" ಎಂದರು. ಒಲೆ ಗ್ಯಾಸಿನದು.

ಹುಳುಗಳು ಗೂಡು ಕಟ್ಟಿ ಮುಗಿಯುವವರೆಗೆ ಅವರು ಹೀಗೆಯೇ ಕೆಲಸ ಸಾಗಿಸಿದರು. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ ಬಂದ ಮರುದಿನ ಒಳ್ಳೆಯ ಸೀರೆ ಉಟ್ಟು, "ಬಾರಮ್ಮ, ಚಿಕ್ಕಬಳ್ಳಾಪುರಕ್ಕೆ ಹೋಗಿ ಬರಣ" ಎಂದು ನನ್ನನ್ನು ಹೊರಡಿಸಿದರು. ದೊಡ್ಡಪ್ಪ ಪೇಪರಿನಿಂದ ತಲೆ ಎತ್ತುವಷ್ಟರಲ್ಲಿ ನಾವು ಬಸ್ಸಿನಲ್ಲಿದ್ದೆವು.

"ಯಾವಾಗ ಬಿದ್ರಿ?" ಎಂದು ಡಾಕ್ಟರು ಕೇಳಿದರು.

"ಮೂರನೇ ಜ್ವರಕ್ಕೆ ಕೂತಿದ್ವು."

"ಯಾರಿಗೆ ಜ್ವರ?"

"ಹುಳಕ್ಕೆ" ಎಂದರು ದೊಡ್ಡಮ್ಮ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ ಎಂದು ನಾನು ಹೇಳಿದ ಮೇಲೆ ಡಾಕ್ಟರ ಮುಖಕ್ಕೆ ಕಳೆ ಬಂತು. ಎಕ್ಸ್‌ರೇ ನೋಡಿದಾಗ ಅದು ಮತ್ತೆ ಇಳಿಯಿತು. ಮುಂಗೈಯ ಉದ್ದ ಮೂಳೆ ಮಣಿಕಟ್ಟಿನ ಹತ್ತಿರ ಮುರಿದು, ಓರೆಯಾಗಿಯೇ ಕೂಡಿಕೊಳ್ಳುತ್ತಿತ್ತು.

"ಬೆರಳು ಅಲ್ಲಾಡ್ತಿತ್ತು ಸಾರ್" ಎಂದೆ ನಾನು.

"ಮುರಿದ್ರೂ ಬೆರಳು ಅಲ್ಲಾಡ್ತವಮ್ಮ. ಮೂಳೆ ಅಂದ್ರೆ ಕಲ್ಲಲ್ಲ, ಜೀವ ಇರೋದು. ಯಾರೂ ಸರಿಯಾಗಿ ಕೂರಿಸದಿದ್ರೆ ಸಿಕ್ಕಿದ ಹಾಗೆ ಕೂಡ್ಕೊಳ್ತದೆ. ಈಗ ಮತ್ತೆ ಬಿಡಿಸಿ ಕೂರಿಸ್ಬೇಕು."

"ಬೇಡಪ್ಪ. ಒಂದ್ಸಲ ಮುರಿದಿದ್ದೇ ಸಾಕು." ದೊಡ್ಡಮ್ಮ ಎದ್ದುಬಿಟ್ಟರು. ಡಾಕ್ಟರು ಹೇಳಿದರು, ನಾನು ಬೇಡಿದೆ, ಅವರು ಒಪ್ಪಲಿಲ್ಲ.

ಮನೆಗೆ ಬಂದು ಎಕ್ಸ್‌ರೇ ಕೊಟ್ಟಾಗ ದೊಡ್ಡಪ್ಪನ ಮುಖ ಸಣ್ಣದಾಗುತ್ತದೆ ಎಂದುಕೊಂಡಿದ್ದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅರಳಿದರು. "ಆಹಾ! ಎಂಟೂ ಮೂಳೆ ಎಷ್ಟು ಚೆನ್ನಾಗಿ ಬಂದಿವೆ ನೋಡು! ನಾನು ಹೇಳಿದ್ನಲ್ಲ, ಎಂಟಕ್ಕೂ ಏನೂ ಆಗಿಲ್ಲ. ಮುರಿದಿರೋದು ಒಂಬತ್ತನೇದು!"

ದೊಡ್ಡಮ್ಮ ಅಡುಗೆಮನೆಗೆ ಹೋಗಿ ಮುದ್ದೆಕೋಲು ತಂದು ಅವರ ಮಡಿಲಲ್ಲಿಟ್ಟರು.

"ಮುದ್ದೆ ತಿರುವೋಕೆ ಮಣಿಕಟ್ಟು ಬೇಕು. ನಿಮ್ಮದು ಸರಿಯಾಗಿದೆಯಲ್ಲ? ಬೆರಳು ಅಲ್ಲಾಡ್ತವಾ, ನೋಡ್ಕೊಳ್ಳಿ."

ಆವತ್ತು ದೊಡ್ಡಪ್ಪ ನಕ್ಕು ಕೋಲನ್ನು ಪಕ್ಕಕ್ಕಿಟ್ಟರು. ರಾತ್ರಿ ಅನ್ನ ಬಂತು. ಮರುದಿನವೂ ಅನ್ನವೇ. ಮುದ್ದೆಯಿಲ್ಲದೆ ನಿದ್ದೆ ಬಾರದ ದೊಡ್ಡಪ್ಪ ವಾರದೊಳಗೆ ಒಲೆಯ ಮುಂದೆ ನಿಂತರು. ಅವರ ಮೊದಲ ಮುದ್ದೆಯ ವಿಷಯ ಬೇಡ. ಅದು ಉದ್ದದ್ದಲ್ಲ, ಗಿಡ್ಡದ್ದಲ್ಲ, ಚಪ್ಪಟೆಯೂ ಅಲ್ಲ.

ಬಸ್ಸಿನಲ್ಲಿ ಅಜ್ಜಿ ಎಣ್ಣೆ ಸೀಸೆ ಚೀಲಕ್ಕೆ ಹಾಕಿದರು. ನನ್ನ ಮನಸ್ಸು ಮಾತ್ರ ಸಾದಲಿಯಲ್ಲೇ ಉಳಿಯಿತು. ಈ ಭಾನುವಾರ ಹೋಗಿಯೇಬಿಟ್ಟೆ. ಒಲೆಯ ಮುಂದೆ ದೊಡ್ಡಪ್ಪ ಬೆವರುತ್ತಿದ್ದರು. ಓರೆಯಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡಮ್ಮ ಕುರ್ಚಿಯಲ್ಲಿದ್ದರು. ತಟ್ಟೆಗೆ ಮುದ್ದೆ ಬಿತ್ತು. ಮುರಿದೆ; ಒಳಗೆ ಹಸಿಹಿಟ್ಟಿನ ಗಂಟು.

"ಹೆಂಗಿದೆ?" ಎಂದರು ದೊಡ್ಡಪ್ಪ. ಇಷ್ಟು ವರ್ಷ "ಚೆನ್ನಾಗಿದೆ" ಎಂದೇ ನುಂಗಿದ್ದೇನೆ.

"ಗಂಟಿದೆ ದೊಡ್ಡಪ್ಪ" ಎಂದೆ.

"ಅದು ಗಂಟಲ್ಲಮ್ಮ. ಬಿಸಿ ನೀರಿಗೆ ಹಿಟ್ಟು ಬಿದ್ದಾಗ ಹೊರಗಿನ ಪದರ ಮೊದಲು ಬೆಂದು..."

"ಪಾಠ ಆಮೇಲೆ" ಎಂದರು ದೊಡ್ಡಮ್ಮ. "ಮಗು ಗಂಟಿದೆ ಅಂದಳು. ಇನ್ನೊಂದ್ಸಲ ತಿರುವಿ."

ದೊಡ್ಡಪ್ಪ ನನ್ನ ತಟ್ಟೆ ಎತ್ತಿಕೊಂಡು ಒಲೆಯ ಕಡೆ ತಿರುಗಿದರು.