ಖಾಲಿ ಕೋಣೆಯ ಹಸಿರು ದೀಪ

ಯಾರಾದರೂ ದೆವ್ವ, ಆತ್ಮ ಎಂದು ಶುರು ಮಾಡಿದರೆ ಎದ್ದು ಹೋಗಿ ಟೀಗೆ ಇಡುವ ಪೈಕಿ ನಾನು. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಕೆಲಸವಿರಬೇಕು ಎಂದುಕೊಂಡು ಮುಂದೆ ಹೋಗುತ್ತೇನೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ರೋಗಿಯನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತೇನೆ. ಹೊರಗೆ ಕುಳಿತು ಯಂತ್ರದಿಂದ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಒತ್ತಿದಾಗ ನನ್ನ ಮುಂದೆ ಒಂದು ಹಸಿರು ದೀಪ ಹತ್ತುತ್ತದೆ.

ನಾಲ್ಕು ವರ್ಷದ ಹಿಂದೆ ನಮ್ಮಣ್ಣ ಹರಿಹರದಿಂದ ಬಂದ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜುವ ಯಂತ್ರದ ಮುಂದೆ ನಿಂತವನು. ಕಿವಿಯೊಳಗೆ ಹಗಲೂ ರಾತ್ರಿ ಕುಂಯ್ ಎನ್ನುವ ಸದ್ದು. ಫೋನಿನಲ್ಲಿ ಹೇಳಿಕೊಂಡಾಗಲೆಲ್ಲ "ವಯಸ್ಸಾತು ಬಿಡಣ್ಣ" ಎಂದು ತಳ್ಳಿಹಾಕಿದ್ದೆ. ದಿನಾ ಇಂಥವರನ್ನೇ ನೋಡುವವಳಿಗೆ ಸ್ವಂತ ಅಣ್ಣನ ಗೋಳು ಹಗುರವಾಗಿ ಕಂಡಿತ್ತು. ಎದುರಿಗೆ ಬಂದು ನಿಂತಾಗ ನೋಡಿದರೆ, ನಿದ್ದೆಯಿಲ್ಲದೆ ಅರ್ಧವಾಗಿದ್ದ.

ನಮ್ಮ ಡಾಕ್ಟರು ಅವನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. "ಶುರುವಾಗಿದ್ದು ಕಿವ್ಯಾಗ. ಈಗ ಸದ್ದು ಮಾಡ್ತಿರೋದು ಮೆದುಳು ನೋಡ್ರಿ. ಕಿವಿಯಿಂದ ಬರೋದು ಬರಲಿಲ್ಲ ಅಂದ್ರೆ ಅದು ಸುಮ್ಮನೆ ಕೂರಲ್ಲ. ತಾನೇ ಜೋರು ಮಾಡ್ಕೊಂಡು, ಇಲ್ಲದ ಸದ್ದನ್ನ ಇದ್ದಂಗೆ ಕೇಳಿಸುತ್ತೆ."

ಪರೀಕ್ಷೆಗೆ ಕೂತ ಅಣ್ಣ, ನಾನು ಏನೂ ಕಳಿಸದಿದ್ದಾಗಲೂ ಗುಂಡಿ ಒತ್ತುತ್ತಿದ್ದ. ಮೈಕಿನಲ್ಲಿ ಗದರಿದೆ. "ನಾ ಕೊಟ್ಟಿದ್ದಕ್ಕಷ್ಟೇ ಒತ್ತಣ್ಣ. ಇಲ್ಲದ್ದಕ್ಕೆ ಒತ್ತಬ್ಯಾಡ."

"ಇಲ್ಲದ್ದಲ್ಲವ್ವ, ಐತೆ" ಎಂದ.

ಅವನ ಕಿವಿಯ ಸದ್ದಿಗೆ ಹೊಂದುವ ಸ್ವರವನ್ನು ಹುಡುಕಿದೆ. ಯಂತ್ರದ ಲೆಕ್ಕದಲ್ಲಿ ಆರು ಸಾವಿರದ ಸ್ವರ. ಜೋರು ಎಪ್ಪತ್ತಕ್ಕಿಟ್ಟರೆ ಅವನಿಗೆ ಕೇಳುತ್ತಿತ್ತು, ಅರವತ್ತೈದಕ್ಕೆ ಕೇಳುತ್ತಿರಲಿಲ್ಲ. ಆಮೇಲೆ ಕಾದ ಎಣ್ಣೆಗೆ ಹಪ್ಪಳ ಬಿಟ್ಟಂತೆ ಚೊರ್ರೆನ್ನುವ ಸದ್ದನ್ನು ಒಂದು ನಿಮಿಷ ಹಾಕಿ ನಿಲ್ಲಿಸಿದೆ. ಹಾಗೆ ಮಾಡಿದರೆ ಕೆಲವರಿಗೆ ಒಳಗಿನ ಸದ್ದು ಸ್ವಲ್ಪ ಹೊತ್ತು ಅಡಗುತ್ತದೆ.

ಅಣ್ಣ ಕಣ್ಣು ಮುಚ್ಚಿ ಕೂತಿದ್ದ. ಗಾಜಿನಾಚೆ ಅವನ ಕೆನ್ನೆ ಒದ್ದೆಯಾಗಿದ್ದು ಕಂಡಿತು. "ನಿಂತೈತೆ" ಎಂದ, ಮೆಲ್ಲಗೆ. ಅರ್ಧ ನಿಮಿಷವೂ ಆಗಿರಲಿಲ್ಲ, ಕಣ್ಣು ಬಿಟ್ಟ. "ಮತ್ತೆ ಬಂತು. ಇನ್ನೊಂದ್ಸಲ ಹಾಕವ್ವ."

ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. "ಮುಂದಿನ ವಾರ ಬಾ ಅಣ್ಣ, ಹಾಕ್ತೀನಿ" ಎಂದೆ. ಅವನು ತಲೆಯಾಡಿಸಿ, ಹೆಡ್‌ಫೋನನ್ನು ತನ್ನ ಟವೆಲಿನಿಂದ ಒರೆಸಿ ಇಟ್ಟು ಬಸ್‌ಸ್ಟ್ಯಾಂಡಿಗೆ ಹೋದ. ಐದನೆಯ ದಿನ ಎದೆನೋವು ಬಂದು ತೀರಿಕೊಂಡ.

ಅಣ್ಣನ ಶಿವಗಣಾರಾಧನೆ ಮುಗಿಸಿಕೊಂಡು ಹರಿಹರದಿಂದ ಬಂದು ಕೆಲಸಕ್ಕೆ ಹಾಜರಾದೆ. ಅವತ್ತು ಸಂಜೆ ಕೊನೆಯ ರೋಗಿ ಹೋದ ಮೇಲೆ ಒಬ್ಬಳೇ ಕುಳಿತಿದ್ದೆ. ಯಾಕೆ ಹಾಗೆ ಮಾಡಿದೆನೋ, ಅಣ್ಣನ ಕಿವಿಗೆ ಹೊಂದಿದ್ದ ಆ ಸ್ವರವನ್ನು ಎಪ್ಪತ್ತಕ್ಕಿಟ್ಟು ಖಾಲಿ ಕೋಣೆಗೆ ಕಳಿಸಿದೆ.

ದೀಪ ಹತ್ತಿತು.

ಸದ್ದು ನಿಲ್ಲಿಸಿದೆ, ಆರಿತು. ತಂತಿ ಎಲ್ಲೋ ಸಡಿಲವಾಗಿದೆ ಎಂದುಕೊಂಡು ಅರವತ್ತೈದಕ್ಕೆ ಇಳಿಸಿ ಕಳಿಸಿದೆ. ಹತ್ತಲಿಲ್ಲ. ಎಪ್ಪತ್ತಕ್ಕೆ ಏರಿಸಿದೆ, ಹತ್ತಿತು. ಮೂರು ಸಲ ಏರಿಸಿ ಇಳಿಸಿ ನೋಡಿದೆ, ಮೂರು ಸಲವೂ ಹಾಗೇ. ಒಳಗೆ ಕುರ್ಚಿ ಖಾಲಿ, ಗುಂಡಿ ಗೋಡೆಯ ಕೊಕ್ಕೆಗೆ ನೇತಾಡುತ್ತಿತ್ತು. ಯಂತ್ರದಿಂದ ಕೈ ತೆಗೆದು, ಏನೂ ಕಳಿಸದೆ ಸುಮ್ಮನೆ ಕುಳಿತೆ. ಆಗಲೂ ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ.

ಗದರಲು ನನಗೆ ಬಾಯಿ ಬರಲಿಲ್ಲ. ಆ ಚೊರ್ರೆನ್ನುವ ಸದ್ದು ಹಾಕಿ, ಗಡಿಯಾರದ ಕಡೆ ನೋಡದೆ ಅಳುತ್ತಾ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಅದನ್ನು ನಿಲ್ಲಿಸಿದಾಗ ದೀಪ ಆರಿತ್ತು.

ಮಾರನೆಯ ದಿನ ರಿಪೇರಿಯವನು ಬಂದು ತಂತಿಗಳನ್ನೆಲ್ಲ ಬಿಚ್ಚಿ ನೋಡಿದ. "ಎಲ್ಲಾ ಬರೋಬ್ಬರಿ ಐತ್ರಿ ಮೇಡಂ" ಎಂದ. ಡಾಕ್ಟರಿಗೆ ಹೇಳಿಕೊಂಡೆ. ಅವರು ನಗಲಿಲ್ಲ. "ಬರೋರು ಬರಲಿಲ್ಲ. ನಿಮ್ಮ ಮೆದುಳು ತಾನೇ ತುಂಬ್ಕೊಂತು, ಅಷ್ಟೇ ಕಣ್ರಿ" ಎಂದರು. ಇರಬಹುದು. ರೋಗಿಗಳಿಗೆ ದಿನಾ ಅದನ್ನೇ ಹೇಳುವವಳು ನಾನು, ಇಲ್ಲವೆಂದು ಹೇಗೆ ವಾದಿಸಲಿ? ಆದರೆ ಎಪ್ಪತ್ತಕ್ಕೆ ಹತ್ತಿ ಅರವತ್ತೈದಕ್ಕೆ ಹತ್ತದ ದೀಪವನ್ನು ಈ ಕಣ್ಣಿನಿಂದಲೇ ನೋಡಿದ್ದೇನೆ.

ಅವನಿಗೆ ನಿದ್ದೆ ಹತ್ತಿತೋ, ಎಲ್ಲೋ ತಂತಿ ತಾನಾಗಿ ಸರಿಹೋಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ದೀಪ ಆರಿದ ಮೇಲೂ ವಾಚ್‌ಮನ್ ಬಂದು ಬೀಗ ಹಾಕಬೇಕು ಎನ್ನುವವರೆಗೆ ಅಲ್ಲೇ ಕುಳಿತಿದ್ದೆ. ಬದುಕಿದ್ದ ಅಣ್ಣ ಕೇಳಿದ್ದು ಇನ್ನೊಂದೇ ನಿಮಿಷ. ಖಾಲಿ ಕುರ್ಚಿಗೆ ಕೊಡಲು ಅವತ್ತು ನನ್ನ ಹತ್ತಿರ ಇಡೀ ಸಂಜೆ ಇತ್ತು.