ಚೀಟಿ ಬರೆಯುವವಳು ಲಾರಿ ಹತ್ತಿದ ದಿನ

ಬೆಳಿಗ್ಗೆ ಆರೂವರೆಗೆ ಚನ್ನಗಿರಿಯ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಲಾರಿ ಹತ್ತಿದೆ. ಹತ್ತಿದೆ ಅನ್ನುವುದಕ್ಕಿಂತ ಡ್ರೈವರ್ ತಿಪ್ಪೇಸ್ವಾಮಿ ಮೇಲಿನಿಂದ ಕೈ ಕೊಟ್ಟು ಎಳೆದುಕೊಂಡರು ಅನ್ನಬೇಕು. ಯಾವ ಲಾರಿ ಯಾವ ಊರಿಗೆ ಹೋಗಬೇಕು, ಯಾವ ಮೂಟೆ ಎಲ್ಲಿ ಇಳಿಯಬೇಕು ಎಂದು ಹನ್ನೆರಡು ವರ್ಷದಿಂದ ಚೀಟಿ ಬರೆದು ಕಳಿಸುವವಳು ನಾನು. ಲಾರಿಯಲ್ಲಿ ಕೂತದ್ದು ಮಾತ್ರ ಅದೇ ಮೊದಲು.

ಹೊರಡಲು ಕಾರಣವಿತ್ತು. ಪಶು ಆಹಾರದ ಮೂಟೆಗಳನ್ನು ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರಿಗೆ ಮುಟ್ಟಿಸುವ ಹೊಸ ಲೈನು ಶುರುವಾಗಿ ಮೂರು ತಿಂಗಳಾಗಿತ್ತು. ವಾರಕ್ಕೆರಡು ಸಲ, ಬುಧವಾರ ಮತ್ತು ಶನಿವಾರ. ಮಧ್ಯಾಹ್ನ ಎರಡಕ್ಕೆ ಜಗಳೂರು ಮುಟ್ಟಬೇಕಾದ ತಿಪ್ಪೇಸ್ವಾಮಿ ಒಂದು ಸಲವೂ ಹೊತ್ತಿಗೆ ಸರಿಯಾಗಿ ಮುಟ್ಟಿರಲಿಲ್ಲ. 'ಈ ಬುಧವಾರವೂ ಲೇಟಾದರೆ ಅವನನ್ನು ಮಂಗಳೂರು ಲೈನಿಗೆ ಹಾಕು' ಎಂದು ನಮ್ಮ ಸಾಹುಕಾರರು ಹೇಳಿಬಿಟ್ಟಿದ್ದರು. ದಾರಿಯಲ್ಲಿ ಎಲ್ಲೋ ಲಾರಿ ನಿಲ್ಲಿಸಿ ನಿದ್ದೆ ತೆಗೆಯುತ್ತಾರೆ ಎಂದು ನನ್ನ ಗುಮಾನಿ. ಕಣ್ಣಾರೆ ಹಿಡಿಯೋಣವೆಂದೇ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಹೊರಟೆ.

ಊರು ದಾಟುತ್ತಿದ್ದಂತೆ ಅವರೇ ಮಾತು ತೆಗೆದರು. "ಮಂಗಳೂರು ಒಂದು ಬ್ಯಾಡ್ರಿ ಅಕ್ಕಾರೆ. ಮೊದಲು ಅದೇ ಲೈನ್‌ನಾಗೆ ಇದ್ನಲ್ಲ. ಹದಿನೈದು ದಿನಕ್ಕೊಮ್ಮೆ ಮನೆಗೆ ಹೋದ್ರೆ ಮಗಳು ಗುರುತು ಹಿಡೀದೆ ಅಳ್ತಿತ್ತು. ಈಗ ಲಾರಿ ಸದ್ದು ಕೇಳಿದ್ರೆ ಸಾಕು, ಬಾಗಿಲಿಗೆ ಓಡಿ ಬರ್ತೈತೆ." ಅವರ ಮನೆ ಜಗಳೂರಿನಿಂದ ಎಂಟು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ.

"ಹಂಗಿದ್ರೆ ಬೇಗ ಮುಟ್ರಿ" ಎಂದೆ, ದೊಡ್ಡ ಬುದ್ಧಿವಂತೆಯ ಹಾಗೆ. ಅವರು ಗೇರು ಬದಲಿಸಿದರು.

ಹೊನ್ನಾಳಿ ಮುಟ್ಟಿದಾಗ ಎಂಟು ಗಂಟೆ. ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ತಿಪ್ಪೇಸ್ವಾಮಿ ಶರ್ಟು ಬಿಚ್ಚಿಟ್ಟು, ಹಗ್ಗ ಸಡಿಲಿಸಿ, ಇಬ್ಬರು ಹಮಾಲರ ಜೊತೆ ಮೂಟೆ ಇಳಿಸತೊಡಗಿದರು. ಇಳಿಸಿದ್ದೆಲ್ಲ ಜಗಳೂರಿನವು! ಆಮೇಲೆ ನ್ಯಾಮತಿಯವು. ಹೊನ್ನಾಳಿಯ ಮೂಟೆಗಳು ಕ್ಯಾಬಿನ್ನಿನ ಬೆನ್ನಿಗೆ ಅಂಟಿಕೊಂಡು ತೀರಾ ಒಳಗಿದ್ದವು.

"ಇದೇನ್ರಿ, ಎಲ್ಲಾ ಉಲ್ಟಾ ತುಂಬಿದ್ದಾರೆ?" ಎಂದು ಕೇಳಿದೆ.

"ಚೀಟಿನಾಗೆ ಹೊನ್ನಾಳಿ ಮೊದಲು ಐತಲ್ರಿ. ಹಮಾಲ್ರು ಮೇಲಿಂದ ಓದ್ಕೊಂತ ತುಂಬ್ತಾರೆ. ಮೊದಲು ತುಂಬಿದ್ದು ಒಳಗೆ ಹೋಗ್ತೈತೆ."

"ನನಗೆ ಹೇಳಬಾರದಿತ್ತಾ?"

"ಎರಡು ಸಲ ಫೋನ್ ಮಾಡಿ ಹೇಳಿದೆ. ಚೀಟಿ ಸರಿ ಐತೆ, ಬರೆದಂಗೆ ಮಾಡ್ರಿ ಅಂತ ಇಟ್ಟುಬಿಟ್ರಿ."

ಹೇಳಿದ್ದು ನಿಜ, ನೆನಪಾಯಿತು. ಮೊದಲು ಸಿಗುವ ಊರನ್ನು ಮೊದಲು ಬರೆಯುವುದು ನನ್ನ ರೂಢಿ. ಒಂದೇ ಊರಿನ ಲೋಡುಗಳಲ್ಲಿ ಅದರಿಂದ ತೊಂದರೆಯಿರಲಿಲ್ಲ. ಮೂರು ಊರಿನ ಲೈನು ಇದೇ ಮೊದಲು. ವಾರಕ್ಕೆರಡು ಸಲ ಈ ಮನುಷ್ಯ ನನ್ನ ಬರವಣಿಗೆಯನ್ನು ಬೆನ್ನ ಮೇಲೆ ಹೊತ್ತು ಸರಿಮಾಡುತ್ತಿದ್ದರು, ನಾನು ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ 'ಎಲ್ಲಿದ್ದೀರಿ' ಎಂದು ಗದರಿಸುತ್ತಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಸಾಹುಕಾರರ ಫೋನು. "ಎಲ್ಲಿದ್ದೀರಿ?"

ಮೂಟೆಗಳಿನ್ನೂ ರಸ್ತೆಯಲ್ಲಿದ್ದವು. "ಹೊನ್ನಾಳಿ ದಾಟಿದ್ವಿ ಸಾರ್" ಎಂದುಬಿಟ್ಟೆ. ಡ್ರೈವರುಗಳು ನನಗೆ ಹೇಳುತ್ತಿದ್ದ ಅದೇ ಸುಳ್ಳು, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ಮೂಟೆ ಹೊತ್ತಿದ್ದ ತಿಪ್ಪೇಸ್ವಾಮಿ ನಗು ತಡೆಯಲಾರದೆ ಅದನ್ನು ಕೆಳಗೆ ಹಾಕಿದರು.

ಜಗಳೂರಿನವನ್ನು ಮೊದಲು, ನ್ಯಾಮತಿಯವನ್ನು ಹಿಂಬಾಗಿಲ ಕಡೆ ಜೋಡಿಸಿ ಹೊರಟಾಗ ಹತ್ತೂಕಾಲು. ನ್ಯಾಮತಿ ಇಪ್ಪತ್ತು ಕಿಲೋಮೀಟರೂ ಇಲ್ಲ. ಅಲ್ಲಿ ಮೂಟೆ ಇಳಿಯಲು ಹಿಡಿದದ್ದು ಇಪ್ಪತ್ತೇ ನಿಮಿಷ. ಮಂಡಕ್ಕಿ, ಮಿರ್ಚಿ ತಿಂದೆವು. ನನ್ನ ಚಿತ್ರಾನ್ನಕ್ಕೆ ಉಪ್ಪು ಸಾಲದೆಂದು ಅವರು ಧೈರ್ಯವಾಗಿ ಹೇಳಿದರು. ಮತ್ತೆ ಹೊನ್ನಾಳಿಗೆ ಬಂದು, ಹೊಳೆ ದಾಟಿ, ದಾವಣಗೆರೆಯ ಮೇಲೆ ಜಗಳೂರಿನ ಕಡೆ ತಿರುಗಿದೆವು. ಬಿಸಿಲಿಗೆ ಕ್ಯಾಬಿನ್ ಕಾದ ಕಾವಲಿಯಾಗಿತ್ತು. ಅವರು ಎಲ್ಲೂ ನಿಲ್ಲಿಸಲಿಲ್ಲ, ಒಂದು ಟೀಗೂ.

ಜಗಳೂರು ಮುಟ್ಟಿದಾಗ ಮೂರೂವರೆ. ಅಂಗಡಿಯ ಮುಂದೆ ಇಳಿದವಳೇ ಸಾಹುಕಾರರಿಗೆ ಫೋನ್ ಮಾಡಿದೆ.

"ಒಂದೂವರೆ ತಾಸು ಲೇಟು, ಸಾರ್."

"ಹೇಳಿದ್ನಲ್ಲ, ಮಂಗಳೂರಿಗೆ ಹಾಕು ಅವನ್ನ."

"ಹಾಕಾಕಿಲ್ಲ ಸಾರ್. ತಪ್ಪು ಅವರದ್ದಲ್ಲ, ನಂದು. ಮೂರು ತಿಂಗಳಿಂದ ಚೀಟಿ ಉಲ್ಟಾ ಬರೀತಿದ್ದೆ. ಅವರು ಹೇಳಿದ್ರೂ ಕೇಳ್ಲಿಲ್ಲ."

"ಶನಿವಾರ ಎರಡಕ್ಕೆ ಮುಟ್ಟದಿದ್ರೆ ಇಬ್ಬರನ್ನೂ ಕೇಳ್ತೀನಿ."

"ಮುಟ್ತೀವಿ ಸಾರ್" ಎಂದೆ. ಅನುಮಾನವೇ ಇರಲಿಲ್ಲ, ಹೊನ್ನಾಳಿಯಲ್ಲಿ ಎರಡು ತಾಸು ಹೇಗೆ ಹೋಗುತ್ತಿತ್ತೆಂದು ನಾನೀಗ ಕಣ್ಣಾರೆ ನೋಡಿದ್ದೆ.

ಪಕ್ಕದಲ್ಲೇ ನಿಂತಿದ್ದ ತಿಪ್ಪೇಸ್ವಾಮಿ ಎಲ್ಲ ಕೇಳಿಸಿಕೊಂಡು ಹಗ್ಗ ಬಿಚ್ಚತೊಡಗಿದರು. ಮೂಟೆ ಇಳಿಸಿದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ಬಂದು, ಓಡಿಹೋಗಿ ಕಿಟಕಿ ಪಕ್ಕದ ಸೀಟಿಗೆ ತಮ್ಮ ಟವೆಲ್ ಹಾಕಿ ಹಿಡಿದುಕೊಟ್ಟರು. ಸರ್ಕಾರಿ ಬಸ್ಸು, ದಾವಣಗೆರೆಯವರೆಗೆ ನನಗೆ ಪುಕ್ಕಟೆ. ಕೂತು ಹೊರಗೆ ನೋಡಿದರೆ ಅವರು ಮನೆಗೆ ಫೋನ್ ಹಚ್ಚಿ ಮಗಳೊಡನೆ ಮಾತಾಡುತ್ತಿದ್ದರು.

"ಹೂಂ ಅವ್ವ, ಈಗ ಬಂದೆ. ಶನಿವಾರನೂ ಬರ್ತೀನಿ. ಆಮೇಲೆ ಬುಧವಾರನೂ."

ಬಸ್ಸು ಹೊರಟಿತು. ಆ ಕಡೆಯಿಂದ ಮಗು ಏನು ಕೇಳಿತೋ, ಅವರು ಜೋರಾಗಿ ನಕ್ಕು, ಬರುವ ದಿನಗಳನ್ನೆಲ್ಲ ಮತ್ತೆ ಮೊದಲಿನಿಂದ ಹೇಳತೊಡಗಿದರು.