ರೇವಣಸಿದ್ದಯ್ಯನವರ ಬೇಡದ ಡಬ್ಬಿ

ರೇವಣಸಿದ್ದಯ್ಯನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಳ್ಳೆಯ ಮನುಷ್ಯ ಅಂತ ಗೊತ್ತಿದ್ದೂ ಇರುವ ಸಿಟ್ಟು, ಅದಕ್ಕೇ ಅದು ಹೋಗುತ್ತಿಲ್ಲ. ಐವತ್ತಮೂರನೇ ಇಸವಿಯಲ್ಲಿ ನಾವು ರಾಜಾಜಿನಗರಕ್ಕೆ ಬಂದ ತಿಂಗಳೇ ಅವರೂ ಪಕ್ಕದ ಮನೆಗೆ ಬಂದರು. ಆಗ ಅಲ್ಲಿ ಮನೆಗಳಿಗಿಂತ ಜಲ್ಲಿಯ ರಾಶಿಗಳೇ ಹೆಚ್ಚು. ನಾನು ಅತ್ತಿಗುಪ್ಪೆಯ ಒಕ್ಕಲು ಮನೆಯ ಹೆಣ್ಣು, ಹೆಸರು ರಾಮಮ್ಮ. ಎರಡು ಮನೆಗೂ ನಡುವೆ ಒಂದೇ ಗೋಡೆ, ಆಚೆ ಕೆಮ್ಮಿದರೆ ಈಚೆ ಕೇಳುತ್ತಿತ್ತು.

ಅವರು ಹರಿಹರದ ಕಡೆಯ ಲಿಂಗಾಯತರು. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಸದಾ ಒಂದು ಪೆನ್ಸಿಲು. ಹತ್ತಿರದ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಕೆಲಸ. ಮೆಷಿನ್ನಿನಿಂದ ಬಂದ ಸಾಮಾನನ್ನು ಒಂದೊಂದಾಗಿ ಅಳೆದು, ಸರಿ ಇದ್ದದ್ದನ್ನು ಒಂದು ಕಡೆ, ಕೆಟ್ಟದ್ದನ್ನು ಇನ್ನೊಂದು ಕಡೆ ಹಾಕಬೇಕು. ಕೆಟ್ಟದ್ದಕ್ಕೆ ಏನು ಕೆಟ್ಟಿದೆ ಎಂದು ಬರೆದ ಚೀಟಿ ಕಟ್ಟಬೇಕು. ಒಂದು ಸಲ ಅವರೇ ನನಗೆ ಹೇಳಿದ್ದರು, "ಒಂದು ಅಳತೆ ತಪ್ಪಿತು ಅಂದ್ರೆ ಮುಗೀತು ನೋಡ್ರಿ ರಾಮಮ್ಮನವರೇ. ಉಳಿದ ಅಳತೆ ನೋಡೋ ಹಂಗೇ ಇಲ್ಲ. ಸುಮ್ನೆ ಟೈಮ್ ದಂಡ." ಆ ಮಾತು ಆಗ ನನಗೆ ಏನೂ ಅನ್ನಿಸಲಿಲ್ಲ.

ಅವರ ಹೆಂಡತಿ ಕಮಲಾಕ್ಷಮ್ಮ. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ತಾಯಿಗೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಇಪ್ಪತ್ತಾರನೆಯ ವಯಸ್ಸಿಗೆ ಮಂಚ ಹಿಡಿದವಳು. ನಾನು ದಿನಾ ಮಧ್ಯಾಹ್ನ ಹೋಗಿ ಅವಳ ತಲೆ ಬಾಚುತ್ತಿದ್ದೆ, ಮಗ್ಗುಲು ಹೊರಳಿಸಿ ಮೈ ಒರೆಸುತ್ತಿದ್ದೆ, ಮನೆ ಗುಡಿಸುತ್ತಿದ್ದೆ. ಅವಳಿಗೆ ಕಿಟಕಿಯಿಂದ ಕಾಣುತ್ತಿದ್ದದ್ದು ನಮ್ಮ ಮನೆಯ ತೆಂಗಿನ ಸಸಿ ಮತ್ತು ಅರ್ಧ ವಿದ್ಯುತ್ ಕಂಬ. ಆದರೂ ಬಾಯಿ ಬಡಕಿ. "ಬರ್ರಿ ರಾಮಮ್ಮ, ನಿಮ್ಮ ಕಂಬ ಇವತ್ತು ಎಲ್ಲೂ ಹೋಗಿಲ್ಲ, ಕಾಯ್ಕೊಂಡು ಇದೀನಿ" ಎನ್ನುವಳು.

ಐವತ್ತೈದರಲ್ಲಿ ಕಾರ್ಖಾನೆಯ ಒಬ್ಬ ಹೊರದೇಶದ ಇಂಜಿನಿಯರು ಊರಿಗೆ ಹೊರಡುವಾಗ ತನ್ನ ಸಿನಿಮಾ ಕ್ಯಾಮೆರಾ ಮತ್ತು ಗೋಡೆಯ ಮೇಲೆ ಚಿತ್ರ ಬಿಡುವ ಮೆಷಿನ್ ಎರಡನ್ನೂ ಇವರಿಗೆ ಮಾರಿದ. ಕ್ಯಾಮೆರಾ ಅಂಗೈಯಗಲ, ಗಡಿಯಾರದ ಹಾಗೆ ಕೀಲಿ ಕೊಡಬೇಕು. ಚಿತ್ರ ಮಾತ್ರ ಹಿಡಿಯುತ್ತದೆ, ಮಾತು ಹಿಡಿಯುವುದಿಲ್ಲ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಓಡುತ್ತದೆ. ಗುಂಡಿಯನ್ನು ಕೆಳಗೆ ಸಿಕ್ಕಿಸಿಬಿಟ್ಟರೆ ಕೈ ತೆಗೆದರೂ ಓಡುತ್ತದೆ, ಕೀಲಿ ಇಳಿಯುವ ತನಕ. ಇವರಿಗೆ ಆ ಕ್ಯಾಮೆರಾ ಸಿಕ್ಕಿದ್ದೇ ತಡ, ಮನೆಯಲ್ಲಿ ಹೊಸ ಹುಚ್ಚು ಶುರುವಾಯಿತು. ಹೆಂಡತಿ ಊರು ನೋಡಲು ಹೋಗಲಾರಳು, ಊರನ್ನೇ ಮನೆಗೆ ತರೋಣ ಎಂದು ಹಠ.

ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಹೊರಟರು. ಹೋಗುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಯಾವ ಚಿತ್ರ ಮೊದಲು, ಯಾವುದು ಆಮೇಲೆ ಎಂದು ಬರೆದಿಡುವರು. ಕೆಂಗೇರಿ ಸ್ಟೇಷನ್ನಿಗೆ ರೈಲು ಬರುವುದು, ಎಂಜಿನ್ನು, ಇಳಿಯುವ ಜನ. ಸುಂಕದಕಟ್ಟೆಯ ಹತ್ತಿರ ರಾಗಿ ಹೊಲ, ಕುರಿ, ಮಾಗಡಿ ಕಡೆಗೆ ಹೋಗುವ ಬಸ್ಸು. ಒಂದು ಸಲ ನನ್ನ ತವರಿಗೂ ಹೋಗಿ ಅತ್ತಿಗುಪ್ಪೆಯಲ್ಲಿ ನಮ್ಮ ದೊಡ್ಡಮ್ಮ ಪಟಾಲಮ್ಮ ಎಮ್ಮೆ ತೊಳೆಯುವುದನ್ನು ಹಿಡಿದು ತಂದರು. ದೊಡ್ಡಮ್ಮ ಎಮ್ಮೆ ಬಿಟ್ಟು ಕಂಬದ ಹಾಗೆ ನಿಂತುಬಿಟ್ಟಿದ್ದಳು, ಅಲುಗಾಡಿದರೆ ಫೋಟೋ ಕೆಡುತ್ತದೆ ಎಂದು. ಎಮ್ಮೆಯೊಂದೇ ಅಲುಗಾಡಿದ್ದು. ಕಮಲಾಕ್ಷಮ್ಮ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

ರೀಲು ಮುಂಬಯಿಗೆ ಹೋಗಿ ತೊಳೆಸಿಕೊಂಡು ಬರಲು ತಿಂಗಳು ಹಿಡಿಯುತ್ತಿತ್ತು. ಬಂದ ಮೇಲೆ ಅವರ ನಿಜವಾದ ಕೆಲಸ ಶುರು. ಭೂತಗನ್ನಡಿ ಹಿಡಿದು ಕಿರುಬೆರಳ ಉಗುರಿನಷ್ಟೂ ಇಲ್ಲದ ಚಿತ್ರಗಳನ್ನು ನೋಡುವುದು, ಬ್ಲೇಡಿನಿಂದ ಕತ್ತರಿಸುವುದು, ಒಳ್ಳೆಯ ತುಂಡುಗಳನ್ನು ಬಟ್ಟೆ ಒಣಗಹಾಕುವ ದಾರಕ್ಕೆ ಗುಂಡುಸೂಜಿಯಿಂದ ಚುಚ್ಚಿ ಸಾಲಾಗಿ ನೇತುಹಾಕುವುದು, ಆಮೇಲೆ ಘಾಟು ವಾಸನೆಯ ಅಂಟು ಹಚ್ಚಿ ಒಂದಕ್ಕೊಂದು ಸೇರಿಸುವುದು. ಅಲುಗಿದ್ದು, ಓರೆಯಾದದ್ದು, ಬೆಳಕು ಬಿದ್ದು ಕೆಂಪಾದದ್ದು ಬೇಡ. ಬೇಡದ್ದನ್ನೂ ಎಸೆಯುತ್ತಿರಲಿಲ್ಲ. ಸುರುಳಿ ಸುತ್ತಿ, ದಾರ ಕಟ್ಟಿ, ಚೀಟಿ ಬರೆದು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುವರು. ಆ ಡಬ್ಬಿ ಇರುತ್ತಿದ್ದದ್ದು ಕಮಲಾಕ್ಷಮ್ಮನ ತಲೆಯ ಮೇಲಿನ ಗೂಡಿನಲ್ಲಿ. ವಾರಕ್ಕೊಂದು ಸಲ ನಾನೇ ಧೂಳು ಒರೆಸಿ ಇಡುತ್ತಿದ್ದೆ.

"ಇಷ್ಟು ಊರು ತೋರಿಸಿದ್ರಿ, ನಮ್ಮವ್ವನ್ನ ಯಾವಾಗ ತೋರಿಸ್ತೀರಿ?" ಎಂದು ಒಂದು ದಿನ ಕಮಲಾಕ್ಷಮ್ಮ ಕೇಳಿದಳು. ನಾನು ಅಲ್ಲೇ ಇದ್ದೆ. ಅವಳ ತಾಯಿ ಶಾಂತವ್ವ, ಹರಿಹರದಾಚೆ ಹೊಳೆ ದಂಡೆಯ ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಳು. ಉಬ್ಬಸದ ರೋಗಿ, ರೈಲು ಹತ್ತುವ ಶಕ್ತಿ ಇಲ್ಲ. ಮಗಳು ಮಂಚದಿಂದ ಏಳಲಾರಳು. ಇಬ್ಬರೂ ಮುಖ ನೋಡಿ ಐದು ವರ್ಷವಾಗಿತ್ತು. "ಅವ್ವನ ಮುಖ ಮರೀತಾ ಇದೀನಿ ಕಣ್ರಿ" ಎಂದು ಅವಳು ನನ್ನ ಹತ್ತಿರ ಹೇಳಿಕೊಂಡಿದ್ದಳು. "ಮೂಗು ನೆನಪಿಗೆ ಬಂದ್ರೆ ಕಣ್ಣು ಬರಲ್ಲ, ಕಣ್ಣು ಬಂದ್ರೆ ಬಾಯಿ ಬರಲ್ಲ." ಒಂದು ಫೋಟೋ ಕೂಡ ಇರಲಿಲ್ಲ.

ಐವತ್ತಾರರ ಯುಗಾದಿ ಮುಗಿದ ಮೇಲೆ ರೇವಣಸಿದ್ದಯ್ಯ ರಜಾ ಹಾಕಿ ಹರಿಹರದ ರೈಲು ಹತ್ತಿದರು. ನೋಟ್‌ಬುಕ್ಕಿನಲ್ಲಿ ಹದಿನೆಂಟು ಚೌಕ. ಹೊಳೆ, ದೋಣಿ, ಮಠದ ಬಾಗಿಲು, ಕಮಲಾಕ್ಷಮ್ಮ ಓದಿದ ಶಾಲೆ, ಮನೆಯ ಅಂಗಳ, ಅತ್ತೆಯವರು ರೊಟ್ಟಿ ಬಡಿಯುವುದು, ಅತ್ತೆಯವರು ತುಳಸಿಗೆ ನೀರು ಹಾಕುವುದು, ಕೊನೆಗೆ ಮತ್ತೆ ಹೊಳೆ. ಅವರು ವಾಪಸು ಬಂದು, ರೀಲು ಮುಂಬಯಿಗೆ ಹೋಗಿ ಬಂದು, ಕತ್ತರಿಸಿ ಅಂಟಿಸುವ ಹೊತ್ತಿಗೆ ಎರಡು ತಿಂಗಳು ಕಳೆಯಿತು. ಕಮಲಾಕ್ಷಮ್ಮ ನನ್ನ ಹತ್ತಿರ ಹೊಸ ಸೀರೆ ಉಡಿಸಿಕೊಂಡಳು, ಮಂಚದ ಮೇಲೇ. ಅವ್ವ ಬರುತ್ತಾಳೆ ಎನ್ನುವ ಹಾಗೆ.

ಗೋಡೆಗೆ ಬಿಳಿ ಪಂಚೆ ಕಟ್ಟಿ ಮೆಷಿನ್ ಹಚ್ಚಿದರು. ಹೊಳೆ ಬಂತು, ದೋಣಿ ಬಂತು. "ಅದೇ ನೋಡ್ರಿ ನಮ್ಮ ಶಾಲೆ" ಎಂದು ಅವಳು ಬೆರಳು ತೋರಿಸಿದಳು. ಆಮೇಲೆ ಅಂಗಳ ಬಂತು. ಒಲೆಯ ಮುಂದೆ ಒಬ್ಬ ಹೆಂಗಸು ಕೂತಿದ್ದಾಳೆ, ಸೆರಗನ್ನು ಗಲ್ಲದ ತನಕ ಎಳೆದುಕೊಂಡಿದ್ದಾಳೆ. ಕೈ ಕಾಣುತ್ತದೆ, ಬಳೆ ಕಾಣುತ್ತದೆ, ರೊಟ್ಟಿ ಕಾಣುತ್ತದೆ, ಮುಖ ಇಲ್ಲ. ತುಳಸಿಯ ಮುಂದೆಯೂ ಹಾಗೇ. ಅವರ ಕಡೆ ಅತ್ತೆಯಾದವಳು ಅಳಿಯನ ಎದುರಿಗೆ ಮುಖ ಬಿಟ್ಟುಕೊಂಡು ಬರುವುದಿಲ್ಲ. ಕ್ಯಾಮೆರಾ ಹಿಡಿದು ನಿಂತವನು ಅಳಿಯ. ಆ ಮುದುಕಿ ಇನ್ನೇನು ಮಾಡಿಯಾಳು?

ಸಿನಿಮಾ ಮುಗಿಯಿತು. "ಅವ್ವನ ಮುಖ ಎಲ್ಲಿ?" ಎಂದು ಕಮಲಾಕ್ಷಮ್ಮ ಕೇಳಿದಳು. ರೇವಣಸಿದ್ದಯ್ಯ ಮೆಷಿನ್ನಿನ ತಿರುಪು ತಿರುಗಿಸುತ್ತಾ ನಿಂತರು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಭಾವಮೈದನ ಕೈಗಾದ್ರೂ ಕ್ಯಾಮೆರಾ ಕೊಡಬಾರದಿತ್ತಾ? ಮಗನ ಮುಂದೆ ಸೆರಗು ತೆಗೀತಿದ್ರಲ್ಲ."

"ಅವನಿಗೆ ಬೆಳಕಿನ ಲೆಕ್ಕ ಗೊತ್ತಾಗಲ್ಲರೀ. ಕೆಡಿಸಿಬಿಡ್ತಿದ್ದ."

"ಕೆಡಲಿ ಬಿಡಿ ಅತ್ಲಾಗೆ. ಮುಖ ಬರ್ತಿತ್ತಲ್ಲ."

ಕಮಲಾಕ್ಷಮ್ಮನೇ ಗಂಡನ ಪರ ವಹಿಸಿಕೊಂಡಳು. ಅಳಿಯ ಆದವರು ಮುಖ ತೋರಿಸಿ ಅಂತ ಹೆಂಗೆ ಕೇಳ್ತಾರೆ, ಬಿಡ್ರಿ, ಎಂದಳು. ಆಮೇಲೆ ಮೆಲ್ಲಗೆ, "ಅವ್ವ ನನಗೆ ಏನಾದ್ರೂ ಹೇಳಿದ್ಲಾ?" ಎಂದು ಕೇಳಿದಳು.

"ನನ್ನ ಹತ್ತಿರ ಮಾತಾಡ್ತಾರಾ ಅವರು? 'ಕಮಲಾ ನಿಮ್ಮನ್ನ ಇದರಲ್ಲೇ ನೋಡ್ತಾಳೆ' ಅಂತ ನಿಮ್ಮ ತಮ್ಮನ ಕೈಲಿ ಹೇಳಿಸಿದೆ. ತಲೆ ಅಲ್ಲಾಡಿಸಿದ್ರು. ತುಳಸಿದು ಮುಗಿಸಿ ಕ್ಯಾಮೆರಾ ಕಟ್ಟೆ ಮೇಲಿಟ್ಟು ಮಜ್ಜಿಗೆ ಕುಡಿಯೋಕೆ ಒಳಗೆ ಹೋದೆ. ವಾಪಸ್ ಬರೋಷ್ಟರಲ್ಲಿ ಅವರು ಹಿತ್ತಲಿಗೆ ಹೋಗಿದ್ರು. ಅದೇನೋ ರೀಲು ಲೆಕ್ಕಕ್ಕಿಂತ ಬೇಗ ಮುಗಿದುಹೋಯ್ತು, ಕೊನೇ ಹೊಳೆ ಪೂರ್ತಿ ಬರಲಿಲ್ಲ."

ಅವರಿಗೆ ಹೊಳೆಯ ಚಿಂತೆ. ನನಗೂ ಆಗ ತಲೆ ಓಡಲಿಲ್ಲ, ಸುಳ್ಳು ಯಾಕೆ ಹೇಳಲಿ.

ದೀಪಾವಳಿಗೆ ಇನ್ನೊಂದು ಸಲ ಹೋಗುವುದು, ಈ ಸಲ ಭಾವಮೈದನ ಕೈಗೇ ಕ್ಯಾಮೆರಾ ಕೊಡುವುದು ಎಂದು ತೀರ್ಮಾನವಾಯಿತು. ನೋಟ್‌ಬುಕ್ಕಿನಲ್ಲಿ ಹೊಸ ಪುಟ, ಒಂದೇ ಚೌಕ. ಅದರೊಳಗೆ "ಅತ್ತೆಯವರು, ಮುಖ" ಎಂದು ಬರೆದರು. ಮಹಾನವಮಿಗೆ ಎಂಟು ದಿನ ಇರುವಾಗ ಮೂಲೆ ಹರಿದ ಕಾರ್ಡು ಬಂತು. ಶಾಂತವ್ವ ತೀರಿಕೊಂಡಿದ್ದಳು, ಮಣ್ಣು ಮಾಡಿಯೂ ಆಗಿತ್ತು.

ಅಲ್ಲಿಂದ ಕಮಲಾಕ್ಷಮ್ಮ ಆ ಸಿನಿಮಾ ಬಿಟ್ಟು ಬೇರೆ ಯಾವುದನ್ನೂ ನೋಡಲಿಲ್ಲ. ವಾರಕ್ಕೆ ಎರಡು ಸಲ, ಮೂರು ಸಲ. ರೊಟ್ಟಿ ಬಡಿಯುವ ಕಡೆ ಬಂದಾಗ ತಲೆ ಬಗ್ಗಿಸಿ ಕೆಳಗಿನಿಂದ ನೋಡುವಳು, ಸೆರಗಿನೊಳಗೆ ಇಣುಕಿದರೆ ಕಂಡೀತು ಎಂಬಂತೆ. "ಒಂದು ಸಲನಾದ್ರೂ ತಲೆ ಎತ್ತಿ ನನ್ನ ಕಡೆ ನೋಡಬಾರದಿತ್ತಾ ಇವಳು" ಎಂದು ಸತ್ತ ತಾಯಿಯ ಮೇಲೇ ಕೋಪ ಮಾಡಿಕೊಂಡಳು. ಆಡುವ ಮಾತು ಕಡಿಮೆಯಾಯಿತು. ಬೆನ್ನಿನ ಹುಣ್ಣು ಮಾಯಲಿಲ್ಲ. ಐವತ್ತೆಂಟರ ಶಿವರಾತ್ರಿ ಕಳೆದು ಹತ್ತು ದಿನಕ್ಕೆ, ನಾನು ತಲೆ ಬಾಚುತ್ತಿರುವಾಗಲೇ, ಅವಳೂ ಹೊರಟುಹೋದಳು. ಅವ್ವನ ಮುಖ ಕೊನೆಗೂ ನೆನಪಿಗೆ ಬಂತೋ ಇಲ್ಲವೋ ಗೊತ್ತಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ರೇವಣಸಿದ್ದಯ್ಯ ಕ್ಯಾಮೆರಾ, ಮೆಷಿನ್ ಎರಡನ್ನೂ ಮಾರಲು ಹೊರಟರು. ಮಾಗಡಿ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಜಗನ್ನಾಥ ಎಂಬುವನು ಒಂದು ಭಾನುವಾರ ಮಧ್ಯಾಹ್ನ ನೋಡಲು ಬಂದ. ನಾನು ಕಾಫಿ ಮಾಡಿಕೊಂಡು ಹೋಗಿದ್ದೆ. ಮಂಚ ಎತ್ತಿದ್ದ ಜಾಗದಲ್ಲಿ ನೆಲದ ಬಣ್ಣವೇ ಬೇರೆಯಾಗಿತ್ತು.

"ಒಂದ್ಸಲ ಓಡಿಸಿ ತೋರಿಸ್ತೀರಾ ಸಾರ್?" ಎಂದ ಜಗನ್ನಾಥ.

ಅವರು ಒಳ್ಳೆಯ ರೀಲುಗಳನ್ನು ಮುಟ್ಟಲಿಲ್ಲ. ಹೊರಗಿನವನಿಗೆ ಮೆಷಿನ್ ಓಡುತ್ತದೆ ಎಂದು ತೋರಿಸಲು ಬೇಡದ್ದೇ ಸಾಕು ಎಂದುಕೊಂಡು ಗೂಡಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಇದ್ದದ್ದರಲ್ಲಿ ದಪ್ಪಗಿದ್ದ ಒಂದು ಸುರುಳಿ ಆರಿಸಿ, ದಾರ ಬಿಚ್ಚಿ, ಚೀಟಿಯನ್ನು ಪಕ್ಕಕ್ಕಿಟ್ಟು ಮೆಷಿನ್ನಿಗೆ ಹಾಕಿದರು. ನಾನು ಕಿಟಕಿಗೆ ಕಂಬಳಿ ಎಳೆದೆ.

ಗೋಡೆಯ ಮೇಲೆ ಅಂಗಳ ಬಂತು, ಓರೆಯಾಗಿ, ಮಲಗಿದ ಹಾಗೆ. ಸ್ವಲ್ಪ ಹೊತ್ತು ಏನೂ ಇಲ್ಲ, ಒಂದು ಕೋಳಿ ಹೋಯಿತು. ಆಮೇಲೆ ಸೀರೆಯ ಅಂಚು, ಕಾಲು. ಒಬ್ಬ ಹೆಂಗಸು ಬಂದು ಕ್ಯಾಮೆರಾದ ಎದುರಿಗೆ, ಒಂದು ಮಾರು ದೂರದಲ್ಲಿ ಕೂತಳು. ಬಾಗಿಲ ಕಡೆ ತಿರುಗಿ ಅಳಿಯ ಬರುತ್ತಿಲ್ಲ ತಾನೆ ಎಂದು ನೋಡಿದಳು. ಸೆರಗು ಹಿಂದಕ್ಕೆ ತಳ್ಳಿದಳು. ನಾನು ಕತ್ತು ಓರೆ ಮಾಡಿ ನೋಡಿದೆ. ಕಮಲಾಕ್ಷಮ್ಮನದೇ ಮೂಗು, ಅದೇ ಕಣ್ಣು, ಅದೇ ಬಾಯಿ. ಕೆನ್ನೆ ಮಾತ್ರ ಒಳಗೆ ಹೋಗಿತ್ತು. ಅವಳು ಕ್ಯಾಮೆರಾವನ್ನೇ ನೆಟ್ಟಗೆ ನೋಡಿ ಮಾತಾಡಿದಳು. ಒಂದು ಸಲ ನಕ್ಕಳು, ಮತ್ತೆ ಮಾತಾಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ತುಟಿ ಅಲುಗುತ್ತಲೇ ಇತ್ತು, ಅಷ್ಟರಲ್ಲಿ ಸುರುಳಿ ಮುಗಿದು ಗೋಡೆ ಬೆಳ್ಳಗಾಯಿತು.

ಅರ್ಥವಾಗಲು ನನಗೆ ಹೊತ್ತು ಬೇಕಾಗಲಿಲ್ಲ. ಇವರು ಮಜ್ಜಿಗೆಗೆ ಒಳಗೆ ಹೋದಾಗ ಕ್ಯಾಮೆರಾದ ಗುಂಡಿ ಸಿಕ್ಕಿಸಿದ್ದು ಹಾಗೇ ಇತ್ತು. ಕೀಲಿ ಇಳಿಯುವ ತನಕ ಕ್ಯಾಮೆರಾ ಕಟ್ಟೆಯ ಮೇಲೆ ಓಡಿತ್ತು. ಕತ್ತರಿಸಲು ಕೂತಾಗ ಮೊದಲ ನಾಲ್ಕು ಚಿತ್ರ ಓರೆ ಕಂಡಿದೆ. ಒಂದು ಅಳತೆ ತಪ್ಪಿತು. ಉಳಿದದ್ದನ್ನು ನೋಡದೆ ಕತ್ತರಿಸಿ, ಸುತ್ತಿ, ಡಬ್ಬಿಗೆ ಹಾಕಿದ್ದಾರೆ. ಎರಡು ವರ್ಷ ಹತ್ತಿರ ಹತ್ತಿರ ಅದು ಅವಳ ತಲೆಯ ಮೇಲೇ ಇತ್ತು. ನಾನು ವಾರ ವಾರ ಧೂಳು ಒರೆಸಿದ್ದೆ.

"ಮೆಷಿನ್ ಚೆನ್ನಾಗಿದೆ ಸಾರ್" ಎಂದ ಜಗನ್ನಾಥ. "ಯಾರು ಈ ಅಜ್ಜಿ?"

ರೇವಣಸಿದ್ದಯ್ಯ ಚೀಟಿ ಕೈಗೆ ತೆಗೆದುಕೊಂಡರು. ಅವರದೇ ದುಂಡು ಅಕ್ಷರ. "ಕ್ಯಾಮೆರಾ ಓರೆ. ಬೇಡ." ಅದನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದರು. "ಇನ್ನೊಂದು ಸಲ ಹಾಕ್ತೀನಿ" ಎಂದರು. ಮೂರು ಸಲ ಹಾಕಿದರು. ಜಗನ್ನಾಥ ಕಾಫಿ ಕುಡಿದು ಲೋಟ ಕೆಳಗಿಟ್ಟ.

ನನಗೆ ಬಾಯಿಗೆ ಬಂದದ್ದೆಲ್ಲ ಅನ್ನಬೇಕು ಅನ್ನಿಸಿತು. ಪೂರ್ತಿ ಒಂದು ಸಲ ನೋಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಅಂಗಿ ಹಿಡಿದು ಕೇಳಬೇಕು ಅನ್ನಿಸಿತು. ಅವರ ಮುಖ ನೋಡಿದೆ, ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂಬ ಸಿಟ್ಟೂ ಈಗ ಅದರ ಜೊತೆ ಸೇರಿಕೊಂಡಿದೆ.

ಜಗನ್ನಾಥ ಮೆಷಿನ್ನು, ಕ್ಯಾಮೆರಾ ಎರಡನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಮಾರುವುದು ಬೇಡ, ಇಟ್ಟುಕೊಳ್ಳಿ ಎಂದು ನಾನು ಹೇಳಿದರೂ ಅವರು ಕೇಳಲಿಲ್ಲ. ಸುರುಳಿಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡರು, ಪೆನ್ಸಿಲಿನ ಪಕ್ಕ. ಅದನ್ನು ನೋಡಲು ಇನ್ನು ಮನೆಯಲ್ಲಿ ಏನೂ ಇರಲಿಲ್ಲ.

ಲೋಟ ಎತ್ತಿಕೊಳ್ಳುವಾಗ ಕೇಳಿದೆ, "ಏನಂದ್ರು ಅವರು? ನಿಮಗೇನಾದ್ರೂ ತಿಳೀತಾ?"

"ಮೊದಲ್ನೇದು ಕಮಲಾ ಅಂತ. 'ಮ' ಅನ್ನೋವಾಗ ತುಟಿ ಸೇರಿದ್ದು ನೋಡಿದೆ" ಎಂದರು. "ಮುಂದಿನದು ತಿಳೀಲಿಲ್ಲ ರಾಮಮ್ಮನವರೇ. ಅವಳಿದ್ದಿದ್ರೆ ಹೇಳ್ತಿದ್ದಳು."